ಬೋರ್ ನೀರು, ಬಿರುಬಿಸಿಲು, ಎರಡಡಿ ತೊಟ್ಟಿ: ಅಕ್ವೇರಿಯಂ ಕುರಿತ ಓದುಗರ ಪ್ರಶ್ನೆಗಳು

ಮೊದಲ ಸಲ ಮನೆಯಲ್ಲಿ ಮೀನಿನ ತೊಟ್ಟಿ ಇಟ್ಟವರು ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬರೆದ ಪತ್ರಗಳನ್ನು ಈ ಸಲ ಆಯ್ದುಕೊಂಡಿದ್ದೇವೆ. ಬಹುಪಾಲು ಪತ್ರಗಳು ಕೇಳುವುದು ಔಷಧಿಯ ಹೆಸರನ್ನು. ನಾವು ತಿರುಗಿ ಕೇಳಬೇಕಾಗಿ ಬಂದದ್ದು ನೀರಿನ ಲೆಕ್ಕವನ್ನು.

ಮೊದಲೇ ಒಂದು ಅಳತೆ ಹೇಳಿಬಿಡುತ್ತೇವೆ. ಹೆಚ್ಚಿನವರ ಬಳಿ ಇರುವುದು 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿ. ಅಂಚಿನವರೆಗೆ ತುಂಬಿದರೆ ಅದು 56 ಲೀಟರ್. ತಳದಲ್ಲಿ ಒಂದೂವರೆ ಇಂಚು ಜಲ್ಲಿ ಹಾಕಿ, ಮೇಲೆ ಎರಡು ಇಂಚು ಖಾಲಿ ಬಿಟ್ಟರೆ ಒಳಗೆ ಉಳಿಯುವ ನೀರು 45 ಲೀಟರಿನ ಆಸುಪಾಸು. ಕೆಳಗಿನ ಉಪ್ಪು, ಔಷಧಿ ಲೆಕ್ಕವೆಲ್ಲ ಈ 45ಕ್ಕೆ. 56ಕ್ಕೆ ಲೆಕ್ಕ ಹಾಕಿದರೆ ಕಾಲು ಭಾಗ ಹೆಚ್ಚಾಗಿಬಿಡುತ್ತದೆ.

ಪ್ರಶ್ನೆ: ಹೊಸ ತೊಟ್ಟಿ ತಂದ ದಿನವೇ ಹದಿನಾಲ್ಕು ಮೀನು ಬಿಟ್ಟೆವು. ಫಿಲ್ಟರ್ ಹಗಲೂ ರಾತ್ರಿ ಓಡುತ್ತಿದೆ. ಐದನೇ ದಿನದಿಂದ ದಿನಕ್ಕೆ ಒಂದೆರಡು ಸಾಯುತ್ತಿವೆ. ಪ್ರತಿ ಸಲವೂ ನೀರು ಪೂರ್ತಿ ಚೆಲ್ಲಿ, ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಚೆನ್ನಾಗಿ ತೊಳೆದು, ಹೊಸ ನೀರು ತುಂಬಿದ್ದೇವೆ. ಅಂಗಡಿಯವರು ನೀಲಿ ಔಷಧಿ ಕೊಟ್ಟರು, ಅದನ್ನೂ ಹಾಕಿದ್ದಾಯಿತು. ಈಗ ಆರು ಉಳಿದಿವೆ. ಇನ್ನೇನು ಮಾಡುವುದು?
— ನಿಟುವಳ್ಳಿ, ದಾವಣಗೆರೆ

ಉತ್ತರ: ತೊಳೆಯುವುದನ್ನು ಇವತ್ತೇ ನಿಲ್ಲಿಸಿ. ನೀವು ಶ್ರದ್ಧೆಯಿಂದ ಮಾಡಿದ ಮೂರು ಕೆಲಸಗಳೇ ಮೀನುಗಳಿಗೆ ಮುಳುವಾಗಿವೆ.

ಮೀನು ತನ್ನ ಕಿವಿರಿನಿಂದ ಸದಾ ಅಮೋನಿಯಾ ಹೊರಹಾಕುತ್ತಿರುತ್ತದೆ. ತಿನ್ನದೆ ಬಿಟ್ಟ ಆಹಾರ ತಳದಲ್ಲಿ ಕೊಳೆತಾಗಲೂ ಅದೇ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ಇಷ್ಟು ಕಡಿಮೆ ಪ್ರಮಾಣದಲ್ಲಿ ವಾಸನೆಯೂ ಇಲ್ಲ. ಆದ್ದರಿಂದ ನೀರು ತಿಳಿಯಾಗಿ ಕಾಣುತ್ತಿದ್ದರೂ ಮೀನಿನ ಕಿವಿರು ಸುಡುತ್ತಿರುತ್ತದೆ. ಹಳೆಯ ತೊಟ್ಟಿಯಲ್ಲಿ ಸ್ಪಂಜಿಗೆ, ಜಲ್ಲಿಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳಿರುತ್ತವೆ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲಿನ ಎರಡೂ ವಿಷವೇ. ನೈಟ್ರೇಟನ್ನು ಮಾತ್ರ ಮೀನು ಒಂದು ಮಟ್ಟದವರೆಗೆ ತಾಳಿಕೊಳ್ಳುತ್ತದೆ, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು. ಈ ಬ್ಯಾಕ್ಟೀರಿಯಾ ಬೇರೂರಲು 4ರಿಂದ 6 ವಾರ ಬೇಕು. ನಿಮ್ಮಲ್ಲಿ ಅವು ಮೊಳೆಯುವ ಹೊತ್ತಿಗೆ ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಸ್ಪಂಜ್ ತೊಳೆದಿದ್ದೀರಿ, ಮೇಲಿಂದ ನೀಲಿ ಔಷಧಿ, ಅಂದರೆ ಮಿಥಿಲೀನ್ ಬ್ಲೂ, ಸುರಿದಿದ್ದೀರಿ. ಅದು ರೋಗಾಣುವಿನ ಜೊತೆಗೆ ಈ ಕೆಲಸದಾಳುಗಳನ್ನೂ ಹೊಡೆದುಹಾಕುತ್ತದೆ. ತೊಟ್ಟಿ ಪ್ರತಿ ಸಲವೂ ಮೊದಲ ದಿನಕ್ಕೆ ಮರಳಿದೆ.

ಈಗ ಮಾಡಬೇಕಾದದ್ದು ಇಷ್ಟು. ಎರಡು ದಿನ ಆಹಾರ ಹಾಕಬೇಡಿ. ದೊಡ್ಡ ಮೀನು ಒಂದು ವಾರ ಉಪವಾಸವಿದ್ದರೂ ಸಾಯುವುದಿಲ್ಲ. ದಿನಕ್ಕೊಮ್ಮೆ 15 ಲೀಟರ್ ಹಳೆ ನೀರು ತೆಗೆದು, ಕ್ಲೋರಿನ್ ಕಳೆದ, ಅದೇ ಬಿಸುಪಿನ ಹೊಸ ನೀರು ಹಾಕಿ. ತೆಗೆಯುವಾಗ ಸೈಫನ್ ಪೈಪನ್ನು ಜಲ್ಲಿಗೆ ತಾಗಿಸಿ ತಳದ ಕಸ ಎಳೆಯಿರಿ. ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ 45 ಗ್ರಾಂ ಕಲ್ಲುಪ್ಪನ್ನು ತೂಗಿ, ಚೊಂಬು ನೀರಿನಲ್ಲಿ ಕರಗಿಸಿ ನಿಧಾನವಾಗಿ ಸುರಿಯಿರಿ. ಇದು ಅಮೋನಿಯಾಕ್ಕೆ ಮದ್ದಲ್ಲ, ಮುಂದೆ ಏಳುವ ನೈಟ್ರೈಟಿಗೆ. ಉಪ್ಪಿನ ಕ್ಲೋರೈಡ್ ಕಿವಿರಿನ ಬಾಗಿಲಲ್ಲಿ ನಿಂತು ನೈಟ್ರೈಟ್ ಒಳನುಗ್ಗುವುದನ್ನು ತಡೆಯುತ್ತದೆ. ಆಮೇಲೆ ಪ್ರತಿ 15 ಲೀಟರ್ ಬದಲಿಸಿದಾಗ 15 ಗ್ರಾಂ ಉಪ್ಪನ್ನು ಮರಳಿ ಸೇರಿಸಬೇಕು. ಸ್ಪಂಜ್ ಪೂರ್ತಿ ಕಟ್ಟಿಕೊಂಡು ಗಾಳಿಗುಳ್ಳೆ ಏಳದಿದ್ದರೆ ಮಾತ್ರ, ತೊಟ್ಟಿಯಿಂದ ತೆಗೆದ ಹಳೆ ನೀರಿನಲ್ಲೇ ಎರಡು ಸಲ ಹಿಂಡಿ ಹಾಕಿ.

ಒಂದು ಅಮೋನಿಯಾ ಟೆಸ್ಟ್ ಕಿಟ್ ಕೊಳ್ಳಿ, ಹನಿ ಹಾಕಿ ಬಣ್ಣ ನೋಡುವಂಥದ್ದು. ಔಷಧಿ ಬಾಟಲಿಗಳಿಗೆ ಹಾಕಿದ ಹಣಕ್ಕಿಂತ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ. ಬಣ್ಣ 0.25 (ಲೀಟರಿಗೆ ಮಿಲಿಗ್ರಾಂ) ದಾಟಿದ ದಿನ ನೀರು ಬದಲಿಸಿ. ನಮ್ಮ ಕಡೆಯ ನೀರಿನ ಪಿ.ಎಚ್. ಸಾಮಾನ್ಯವಾಗಿ 7ಕ್ಕಿಂತ ಮೇಲಿರುತ್ತದೆ ಎಂಬುದನ್ನೂ ಗಮನದಲ್ಲಿಡಿ. ಅಮೋನಿಯಾದ ಒಟ್ಟು ಪ್ರಮಾಣ ಅಷ್ಟೇ ಇದ್ದರೂ, ಪಿ.ಎಚ್. 7ರಲ್ಲಿ ಇರುವುದಕ್ಕಿಂತ 8ರಲ್ಲಿ ಅದರ ವಿಷರೂಪ ಸುಮಾರು ಹತ್ತು ಪಟ್ಟು ಹೆಚ್ಚು.

ಈ ಆರು ಉಳಿದರೆ ಆರೇ ಇರಲಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ಒಂದು ವಾರ ಹಾಗೇ ನಿಂತ ಮೇಲೆ ಹೊಸ ಮೀನಿನ ಮಾತು. ಉಳಿಯದಿದ್ದರೆ ಮೀನಿಲ್ಲದೆಯೇ ತೊಟ್ಟಿಯನ್ನು ಹದಗೊಳಿಸಿ: ಫಿಲ್ಟರ್ ಓಡಲಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಡಿ, ನಾಲ್ಕೈದು ದಿನಕ್ಕೊಮ್ಮೆ ಪರೀಕ್ಷಿಸಿ. ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ನಡುವೆ ನೀರು ಒಂದೆರಡು ದಿನ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗಬಹುದು, ಅದಕ್ಕೆ ಕೈಹಚ್ಚಬೇಡಿ. ಬಲ್ಲವರ ಮನೆಯಲ್ಲಿ ರೋಗವಿಲ್ಲದ ಹಳೆ ತೊಟ್ಟಿಯಿದ್ದರೆ ಅವರ ಫಿಲ್ಟರಿನ ಒಂದು ತುಂಡು ಸ್ಪಂಜನ್ನು ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರಿಗೆ ಸೇರಿಸಿ. ಆರು ವಾರದ ಕೆಲಸ ಎರಡು ವಾರಕ್ಕೆ ಇಳಿಯುವುದುಂಟು. ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾವನ್ನು ನಾವು ಅಷ್ಟಾಗಿ ನಂಬುವುದಿಲ್ಲ. ಬಿಸಿಲಲ್ಲಿ ಲಾರಿಯಲ್ಲಿ ಬಂದು ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತ ಬಾಟಲಿಯೊಳಗೆ ಜೀವ ಎಷ್ಟು ಉಳಿದಿರುತ್ತದೋ ಹೇಳಲಾಗದು.

ಪ್ರಶ್ನೆ: ನಮ್ಮದು ಬೋರ್ ನೀರು. ಕರಗಿದ ಲವಣ ಅಳೆಯುವ ಟಿ.ಡಿ.ಎಸ್. ಮೀಟರ್ 1,100 ತೋರಿಸುತ್ತದೆ. ನಿಯಾನ್ ಟೆಟ್ರಾ ಮೂರು ಸಲ ತಂದೆ, ಮೂರು ಸಲವೂ ವಾರದೊಳಗೆ ಹೋದವು. ಅದೇ ತೊಟ್ಟಿಯಲ್ಲಿ ಗಪ್ಪಿಗಳು ಚೆನ್ನಾಗಿವೆ. ಪಿ.ಎಚ್. ಇಳಿಸುವ ಹನಿ ಹಾಕಿದರೆ ಸರಿಹೋಗುತ್ತದೆಯೇ? ಮನೆಗೆ ಸಾಫ್ಟನರ್ ಹಾಕಿಸುವ ಯೋಚನೆಯೂ ಇದೆ.
— ಜಗಳೂರು

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ: ಗಪ್ಪಿಗಳು ಚೆನ್ನಾಗಿವೆ. ಗಪ್ಪಿ, ಮಾಲಿ, ಪ್ಲಾಟಿ, ಸ್ವೋರ್ಡ್‌ಟೇಲ್, ಅಂದರೆ ಮೊಟ್ಟೆಯಿಡದೆ ಮರಿ ಹಾಕುವ ಈ ಗುಂಪು, ಸುಣ್ಣದ ಅಂಶವಿರುವ ಗಡಸು ನೀರಿನಲ್ಲೇ ಗಟ್ಟಿಯಾಗಿರುತ್ತದೆ. ಮಾಲಿಯನ್ನಂತೂ ಮೆದು ನೀರಿನಲ್ಲಿ ಇಟ್ಟರೆ ಈಜುರೆಕ್ಕೆ ಮುದುಡಿಕೊಂಡು ನಿಂತಲ್ಲೇ ಓಲಾಡತೊಡಗುತ್ತದೆ. ನಿಯಾನ್ ಟೆಟ್ರಾ ಅಮೆಜಾನ್ ಕಡೆಯದು, ಎಲೆ ಕೊಳೆತು ಕಂದಾದ, ಖನಿಜ ಬಹುತೇಕ ಇಲ್ಲದ ನೀರಿನ ಮೀನು. ಜಗಳೂರಿನ ಬೋರ್ ನೀರಿಗೂ ಅದಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧ.

ಪಿ.ಎಚ್. ಇಳಿಸುವ ಹನಿ ಬೇಡವೇ ಬೇಡ. ಗಡಸು ನೀರಿನಲ್ಲಿ ಬೈಕಾರ್ಬೊನೇಟ್ ಧಾರಾಳವಾಗಿರುತ್ತದೆ, ನೀವು ಹಾಕಿದ ಆಮ್ಲವನ್ನು ಅದು ನುಂಗಿ ಮರುದಿನಕ್ಕೆ ಪಿ.ಎಚ್. ಮತ್ತೆ ಮೊದಲಿನಲ್ಲಿಗೇ ಬರುತ್ತದೆ. ನೀವು ಮತ್ತೆ ಹಾಕುತ್ತೀರಿ. ಈ ಏರಿಳಿತವೇ ಮೀನನ್ನು ಕೊಲ್ಲುತ್ತದೆ. 8ರಲ್ಲೇ ಅಲುಗದೆ ನಿಂತ ನೀರು ಅದಕ್ಕಿಂತ ಎಷ್ಟೋ ವಾಸಿ. ಸಾಫ್ಟನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೂರಿಸುತ್ತದೆ ಅಷ್ಟೆ. ಬಟ್ಟೆಗೆ ಸೋಪು ನೊರೆ ಬರುತ್ತದೆ, ಗೀಸರ್ ಉಳಿಯುತ್ತದೆ, ಆದರೆ ಟಿ.ಡಿ.ಎಸ್. ಇಳಿಯುವುದಿಲ್ಲ. ಟೆಟ್ರಾಗೆ ಲಾಭವಿಲ್ಲ, ಗಪ್ಪಿಗೆ ನಷ್ಟ.

ಟೆಟ್ರಾ ಬೇಕೇ ಬೇಕು ಎಂದರೆ ಆರ್.ಓ. ನೀರು ಬೆರೆಸುವುದೊಂದೇ ದಾರಿ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ನೀರು ಆಗುತ್ತದೆ. ಅದರ ಟಿ.ಡಿ.ಎಸ್. 50 ಇದೆ ಎಂದಿಟ್ಟುಕೊಂಡರೆ, 1 ಬಕೆಟ್ ಬೋರ್ ನೀರಿಗೆ 3 ಬಕೆಟ್ ಆರ್.ಓ. ಸೇರಿಸಿದಾಗ 310ರ ಸುಮಾರಿಗೆ ಬರುತ್ತದೆ. ಬರೀ ಆರ್.ಓ. ನೀರಿನಲ್ಲಿ ಮಾತ್ರ ಯಾವ ಮೀನನ್ನೂ ಇಡಬೇಡಿ. ಪಿ.ಎಚ್. ಹಿಡಿದು ನಿಲ್ಲಿಸುವ ಖನಿಜವೇ ಇಲ್ಲದ್ದರಿಂದ ಒಂದು ರಾತ್ರಿಯಲ್ಲಿ ಅದು ಕುಸಿಯಬಹುದು. ಮತ್ತು ಒಮ್ಮೆ ಈ ದಾರಿ ಹಿಡಿದರೆ ವಾರವಾರವೂ ಅದೇ ಅಳತೆಯಲ್ಲಿ ಬೆರೆಸಬೇಕು. ಕ್ಯಾನ್ ತರುವ ಉತ್ಸಾಹ ಮೂರು ತಿಂಗಳಿಗೆ ಇಳಿಯುವಂತಿದ್ದರೆ ಗಪ್ಪಿಯೇ ಒಳ್ಳೆಯದು. ಗಂಡು ಗಪ್ಪಿಗಳನ್ನಷ್ಟೇ 6ರಿಂದ 8 ಇಟ್ಟರೆ ಬಣ್ಣವೂ ಸಿಗುತ್ತದೆ, ಮರಿಗಳ ಕಾಟವೂ ಇರುವುದಿಲ್ಲ. ಜೊತೆಗೆ ಜೀಬ್ರಾ ಡ್ಯಾನಿಯೊ ಆರು ಬಿಡಬಹುದು; ನಮ್ಮ ದೇಶದ ತೊರೆಗಳದೇ ಮೀನು, ಹೆಚ್ಚು ರಗಳೆಯಿಲ್ಲ.

ಹೊಸ ಮೀನು ತಂದಾಗ ಇನ್ನೊಂದು ಎಚ್ಚರ ಬೇಕು. ಅಂಗಡಿಯ ನೀರು 200–300 ಟಿ.ಡಿ.ಎಸ್. ಇರಬಹುದು. ಅಲ್ಲಿಂದ 1,100ಕ್ಕೆ ಏಕಾಏಕಿ ಬಿಟ್ಟರೆ ಗಪ್ಪಿಯೂ ತತ್ತರಿಸುತ್ತದೆ. ಚೀಲವನ್ನು 15 ನಿಮಿಷ ತೇಲಿಸಿ ಬಿಸುಪು ಸಮ ಮಾಡಿ. ಆಮೇಲೆ ಮೀನನ್ನು ಆ ನೀರಿನ ಸಮೇತ ಸಣ್ಣ ಬಕೆಟ್ಟಿಗೆ ಹಾಕಿ, ಏರ್ ಟ್ಯೂಬಿಗೆ ಸಡಿಲ ಗಂಟು ಕಟ್ಟಿ ತೊಟ್ಟಿಯ ನೀರನ್ನು ಸೆಕೆಂಡಿಗೆ ಎರಡು ಮೂರು ಹನಿಯಂತೆ ಒಂದರಿಂದ ಎರಡು ಗಂಟೆ ಇಳಿಬಿಡಿ. ಕೊನೆಗೆ ಬಲೆಯಲ್ಲಿ ಮೀನನ್ನಷ್ಟೇ ಎತ್ತಿ ತೊಟ್ಟಿಗೆ ಬಿಡಿ. ಚೀಲದ ನೀರು ತೊಟ್ಟಿಗೆ ಬೀಳಬಾರದು.

ಪ್ರಶ್ನೆ: ನಮಗೆ ನಲ್ಲಿ ನೀರು ಕೆಲವು ದಿನಕ್ಕೊಮ್ಮೆ ಬರುತ್ತದೆ, ಸಂಪಿನಲ್ಲಿ ಹಿಡಿದಿಡುತ್ತೇವೆ. ಆ್ಯಂಟಿ ಕ್ಲೋರಿನ್ ಹರಳು ಎಷ್ಟು ಹಾಕಬೇಕು? ‘ಸ್ವಲ್ಪ’ ಅನ್ನುತ್ತಾರೆ ಅಂಗಡಿಯಲ್ಲಿ.
— ವಿದ್ಯಾನಗರ, ದಾವಣಗೆರೆ

ಉತ್ತರ: ‘ಸ್ವಲ್ಪ’ವನ್ನು ಅಳತೆಗೆ ತರೋಣ. ಆ ಹರಳು ಸೋಡಿಯಂ ಥಯೋಸಲ್ಫೇಟ್. 10 ಗ್ರಾಂ ಹರಳನ್ನು ನೀರಿನಲ್ಲಿ ಕರಗಿಸಿ, ಒಟ್ಟು 100 ಮಿಲಿಲೀಟರ್ ಆಗುವಷ್ಟು ನೀರು ಸೇರಿಸಿ, ಕಂದು ಬಣ್ಣದ ಬಾಟಲಿಯಲ್ಲಿಡಿ. 10 ಲೀಟರ್ ನಲ್ಲಿ ನೀರಿಗೆ ಈ ದ್ರಾವಣ 1 ಮಿಲಿಲೀಟರ್. ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯಿರಿ. ಕಲಕಿ ಐದು ನಿಮಿಷ ಬಿಟ್ಟರೆ ಸಾಕು. ಮೂಗಿಗೆ ಹೊಡೆಯುವಷ್ಟು ಬ್ಲೀಚಿಂಗ್ ವಾಸನೆ ಇದ್ದರೆ 2 ಮಿಲಿಲೀಟರ್. ಎರಡು ತಿಂಗಳಿಗೊಮ್ಮೆ ಹೊಸದಾಗಿ ಮಾಡಿಕೊಳ್ಳಿ. ಹರಳು ಇಲ್ಲದಿದ್ದರೆ ಬಾಯಿ ತೆರೆದ ಬಕೆಟ್ಟಿನಲ್ಲಿ ಏರ್ ಪಂಪ್ ಹಾಕಿ ಒಂದು ದಿನ ಬಿಡಿ.

ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಲ್ಲಿ ಸಂಗ್ರಹಿಸಿ ಶುದ್ಧೀಕರಿಸಿ ಬಿಡುವ ನೀರು ಬೋರ್ ನೀರಿಗಿಂತ ಮೆದು, ಮೀನಿಗೆ ಒಳ್ಳೆಯದೇ. ಸಂಪಿನಲ್ಲಿ ಮೂರ್ನಾಲ್ಕು ದಿನ ನಿಂತ ನೀರಿನಲ್ಲಿ ಕ್ಲೋರಿನ್ ಬಹುತೇಕ ಉಳಿದಿರುವುದಿಲ್ಲ ಎಂಬುದೂ ನಿಜ. ಎಡವುವುದು ಬೇರೆ ಮೂರು ಕಡೆ. ಸಂಪು ತೊಳೆಸಿ ಬ್ಲೀಚಿಂಗ್ ಪುಡಿ ಹಾಕಿದ ವಾರ ಮನೆಯವರು ಮೀನಿನ ವಿಷಯ ಮರೆತಿರುತ್ತಾರೆ. ಹೊಸದಾಗಿ ಕಟ್ಟಿದ ಸಂಪಿನ ಸಿಮೆಂಟು ತಿಂಗಳುಗಟ್ಟಲೆ ಸುಣ್ಣ ಬಿಡುತ್ತ ಪಿ.ಎಚ್. ಏರಿಸುತ್ತದೆ. ಬೇಸಿಗೆಯಲ್ಲಿ ನಲ್ಲಿ ನಿಂತಾಗ ಅದೇ ಸಂಪಿಗೆ ಟ್ಯಾಂಕರಿನ ಬೋರ್ ನೀರು ಬೀಳುತ್ತದೆ. ಕೊನೆಯದರಲ್ಲಿ ಒಂದೇ ಸಲ ಕಾಲು ಭಾಗ ಬದಲಿಸಬೇಡಿ. ದಿನ ಬಿಟ್ಟು ದಿನ 4–5 ಲೀಟರಿನಂತೆ ಎರಡು ವಾರದಲ್ಲಿ ಹೊಂದಿಸಿ. ಬೋರ್ ನೀರನ್ನು ಎತ್ತಿದ ಕೂಡಲೇ ಬಳಸುವುದೂ ಸಲ್ಲದು. ಅದರಲ್ಲಿ ಆಮ್ಲಜನಕ ಕಡಿಮೆ, ಇಂಗಾಲಾಮ್ಲ ಹೆಚ್ಚು. ರಾತ್ರಿಯಿಡೀ ಗಾಳಿ ಆಡಿಸಿ, ಪಿ.ಎಚ್. ಅಳೆಯುವುದಾದರೆ ಅದರ ನಂತರ ಅಳೆಯಿರಿ.

ಪ್ರಶ್ನೆ: ಹೊಸ ಪ್ಲಾಟಿಗಳನ್ನು ಬಿಟ್ಟ ನಾಲ್ಕನೇ ದಿನ ಎಲ್ಲ ಮೀನುಗಳ ಮೈಮೇಲೆ ಬಿಳಿ ಚುಕ್ಕೆ. ಕಲ್ಲಿಗೆ ಮೈ ಉಜ್ಜುತ್ತಿವೆ. ಉಪ್ಪು ಹಾಕಿದೆ, ಮೂರು ದಿನಕ್ಕೆ ಚುಕ್ಕೆ ಮಾಯ. ನಿಲ್ಲಿಸಿದೆ. ಐದು ದಿನ ಬಿಟ್ಟು ಮೊದಲಿಗಿಂತ ಜಾಸ್ತಿ ಬಂದಿದೆ.
— ಮೆದೇಹಳ್ಳಿ, ಚಿತ್ರದುರ್ಗ

ಉತ್ತರ: ಸಣ್ಣ ರವೆ ಉದುರಿಸಿದಂತೆ ಕಾಣುವ ಈ ಚುಕ್ಕೆಗಳು ಇಕ್ ಎಂಬ ಪರಾವಲಂಬಿಯ ಗೂಡುಗಳು. ಮೂರು ದಿನಕ್ಕೆ ಅವು ಮಾಯವಾದದ್ದು ಉಪ್ಪಿನಿಂದಲ್ಲ. ಚರ್ಮದೊಳಗೆ ಬೆಳೆದ ಜೀವಿ ತಾನಾಗಿ ಉದುರಿ, ತಳಕ್ಕಿಳಿದು, ಕೋಶ ಕಟ್ಟಿಕೊಂಡು ನೂರಾರು ಮರಿಯಾಗಿ ಒಡೆಯುತ್ತದೆ. ಆ ಮರಿಗಳು ಈಜಿ ಮತ್ತೆ ಮೀನು ಹಿಡಿಯುತ್ತವೆ. ಉಪ್ಪಾಗಲಿ ಔಷಧಿಯಾಗಲಿ ಕೊಲ್ಲುವುದು ಈಜಾಡುವ ಆ ಒಂದು ಹಂತದ ಮರಿಗಳನ್ನು ಮಾತ್ರ. ಚರ್ಮದೊಳಗಿದ್ದಾಗ, ಕೋಶದೊಳಗಿದ್ದಾಗ ಅದಕ್ಕೆ ಏನೂ ತಟ್ಟದು. ನೀವು ನಿಲ್ಲಿಸಿದ್ದು ಸರಿಯಾಗಿ ಮರಿಗಳು ಹೊರಬರುವ ಹೊತ್ತಿಗೆ.

ಆದ್ದರಿಂದ ಈ ಸಲ 14 ದಿನದ ಲೆಕ್ಕ ಇಟ್ಟುಕೊಳ್ಳಿ. ಲೀಟರಿಗೆ 2 ಗ್ರಾಂ, ಅಂದರೆ 90 ಗ್ರಾಂ ಕಲ್ಲುಪ್ಪು. 30 ಗ್ರಾಮಿನ ಮೂರು ಪಾಲು ಮಾಡಿ, ಕರಗಿಸಿ, 12 ಗಂಟೆಗೊಂದರಂತೆ ಹಾಕಿ. ಮೊದಲ ಸಲದ ಉಪ್ಪು ಇನ್ನೂ ತೊಟ್ಟಿಯಲ್ಲಿದ್ದರೆ ಅದನ್ನು ಕಳೆದು ಉಳಿದದ್ದನ್ನಷ್ಟೇ ಸೇರಿಸಿ, ಉಪ್ಪು ಆವಿಯಾಗಿ ಹೋಗುವುದಿಲ್ಲ. ಹೀಟರಿನಿಂದ ನೀರಿನ ಬಿಸುಪನ್ನು ದಿನಕ್ಕೆ 2 ಡಿಗ್ರಿಯಂತೆ ಏರಿಸಿ 30ಕ್ಕೆ ನಿಲ್ಲಿಸಿ. ಬೆಚ್ಚಗಿನ ನೀರು ರೋಗಾಣುವಿನ ಚಕ್ರವನ್ನು ಬೇಗ ತಿರುಗಿಸುತ್ತದೆ: ತಣ್ಣಗಿದ್ದಾಗ ವಾರಗಟ್ಟಲೆ ಎಳೆಯುವುದು 30ರಲ್ಲಿ ಮೂರ್ನಾಲ್ಕು ದಿನದಲ್ಲಿ ಮುಗಿಯುತ್ತದೆ, ಮರಿಗಳು ಉಪ್ಪುನೀರಿಗೆ ಬೇಗ ಸಿಕ್ಕಿಬೀಳುತ್ತವೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುವುದರಿಂದ ಏರ್ ಪಂಪ್ ಜೋರಾಗಿರಲಿ. ದಿನ ಬಿಟ್ಟು ದಿನ ತಳವನ್ನು ಸೈಫನ್ ಮಾಡಿ 10 ಲೀಟರ್ ತೆಗೆಯಿರಿ, ಕೋಶಗಳಿರುವುದೇ ಅಲ್ಲಿ. ಹೊಸ 10 ಲೀಟರಿಗೆ 20 ಗ್ರಾಂ ಉಪ್ಪು ಕರಗಿಸಿಯೇ ಹಾಕಿ. ಆವಿಯಾದಷ್ಟಕ್ಕೆ ತುಂಬುವ ನೀರಿಗೆ ಮಾತ್ರ ಉಪ್ಪು ಬೇಡ. ಚುಕ್ಕೆ ಹೋದ ಮೇಲೂ ಹದಿನಾಲ್ಕು ದಿನ ಮುಗಿಸಿ. ಆಮೇಲೆ ವಾರಕ್ಕೊಮ್ಮೆ ಕಾಲು ಭಾಗ ಬದಲಿಸುತ್ತ ಹೋದರೆ ಉಪ್ಪು ತಾನಾಗಿ ತಿಳಿಯಾಗುತ್ತದೆ.

ತೊಟ್ಟಿಯಲ್ಲಿ ಕೋರಿಡೋರಾಸ್, ಲೋಚ್, ಟೆಟ್ರಾ ಇದ್ದರೆ ಉಪ್ಪು ಅರ್ಧಕ್ಕಿಳಿಸಿ, ಬಿಸುಪಿನ ಮೇಲೆ ಹೆಚ್ಚು ಭಾರ ಹಾಕಿ. ಗಿಡಗಳು ಒಂದಷ್ಟು ಬಾಡುತ್ತವೆ. ಮಲಾಕೈಟ್ ಗ್ರೀನ್ ಬಳಸುವುದಾದರೆ ಬಾಟಲಿಯ ಮೇಲಿನ ಅಳತೆ ಮೀರಬೇಡಿ, ಕೈಗವಸು ಹಾಕಿ, ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ಮೊದಲು ತೆಗೆಯಿರಿ. ಇದ್ದಿಲು ಔಷಧಿಯನ್ನೆಲ್ಲ ಹೀರಿಬಿಡುತ್ತದೆ.

ರೋಗ ತಂದವು ಆ ಪ್ಲಾಟಿಗಳೇ ಇರಬೇಕು. ಮುಂದಿನ ಸಲ ಹೊಸ ಮೀನನ್ನು ಮೂರು ವಾರ ಬೇರೆ ಇಡಿ. ಅದಕ್ಕೆ ಗಾಜಿನ ತೊಟ್ಟಿಯೇ ಬೇಕಿಲ್ಲ, 20 ಲೀಟರಿನ ಪ್ಲಾಸ್ಟಿಕ್ ಟಬ್ಬು, ಒಂದು ಸ್ಪಂಜ್ ಫಿಲ್ಟರ್ ಸಾಕು. ಅದರ ಬಲೆ, ಪೈಪು ಬೇರೆಯೇ ಇರಲಿ.

ಪ್ರಶ್ನೆ: ಇಂಗಳದಾಳ್ ಕಡೆಯಿಂದ ಹಸಿರು ಛಾಯೆಯ ಚಂದದ ಕಲ್ಲುಗಳನ್ನು ತಂದಿದ್ದೇನೆ. ತೊಟ್ಟಿಯೊಳಗೆ ಜೋಡಿಸಬಹುದೇ?
— ಚಿತ್ರದುರ್ಗ

ಉತ್ತರ: ಷೋಕೇಸಿನಲ್ಲಿಡಿ. ಅಲ್ಲಿ ತಾಮ್ರದ ಗಣಿ ಇತ್ತು, ಆ ಹಸಿರು ತಾಮ್ರದ್ದಾಗಿರುವ ಸಾಧ್ಯತೆಯೇ ಹೆಚ್ಚು. ತಾಮ್ರ ಅತ್ಯಲ್ಪ ಪ್ರಮಾಣದಲ್ಲೇ ಬಸವನಹುಳು, ಸೀಗಡಿಯನ್ನು ಕೊಲ್ಲುತ್ತದೆ, ಮೀನನ್ನೂ ಬಿಡದು. ಲೋಹದ ಹೊಳಪು, ಹಸಿರು-ನೀಲಿ ಕಲೆ, ತುಕ್ಕಿನ ಗೆರೆ ಇರುವ ಯಾವ ಕಲ್ಲೂ ಬೇಡ. ಕೋಟೆಯ ಸುತ್ತ ಕಾಣುವಂಥ ಸಾದಾ ಗ್ರಾನೈಟ್ ಜಾತಿಯ ಕಲ್ಲು ಮೀನಿಗೆ ಏನೂ ಮಾಡದು (ಕೋಟೆಯಿಂದಲೇ ಎತ್ತಿ ತರಬೇಡಿ ಮತ್ತೆ!). ಕಲ್ಲಿನ ಮೇಲೆ ವಿನೆಗರ್ ಎರಡು ಹನಿ ಹಾಕಿ ನೋಡಿ. ಬುರುಬುರು ನೊರೆ ಬಂದರೆ ಸುಣ್ಣದ ಕಲ್ಲು, ಮೊದಲೇ ಗಡಸಾದ ನೀರನ್ನು ಇನ್ನೂ ಗಡಸು ಮಾಡುತ್ತದೆ. ಬಿಳಿ ಅಮೃತಶಿಲೆ ಚೂರು, ಕಪ್ಪೆಚಿಪ್ಪು ಇದೇ ಜಾತಿ.

ಪ್ರಶ್ನೆ: ಏಪ್ರಿಲ್ ಬಂತೆಂದರೆ ತೊಟ್ಟಿಯ ನೀರು 34 ಡಿಗ್ರಿ. ಮಧ್ಯಾಹ್ನ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತವೆ. ಅದೇ ಹೊತ್ತಿಗೆ ಕರೆಂಟು ಹೋಗುತ್ತದೆ. ಐಸ್ ಹಾಕಬಹುದೇನ್ರಿ?
— ಹರಿಹರ

ಉತ್ತರ: ಐಸ್ ತುಂಡನ್ನು ನೇರವಾಗಿ ಹಾಕಬೇಡಿ. ಅದಕ್ಕೂ ಮುಂಚೆ ಮಾಡುವುದು ಇದೆ. ಬಿಸಿ ನೀರಿನಲ್ಲಿ ಎರಡು ಕಡೆಯಿಂದ ಹೊಡೆತ: 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ, 35ಕ್ಕೆ ಅದು 7ಕ್ಕಿಂತ ಕೆಳಗೆ; ಅದೇ ಹೊತ್ತಿಗೆ ಮೀನಿನ ಮೈಯೊಳಗಿನ ಕೆಲಸ ಚುರುಕಾಗಿ ಅದಕ್ಕೆ ಹೆಚ್ಚು ಉಸಿರು ಬೇಕಾಗುತ್ತದೆ. ತುಂಬ ಮೀನು ತುಂಬಿದ ತೊಟ್ಟಿ ಮೊದಲು ಬೀಳುವುದು ಇಲ್ಲೇ.

ನಮ್ಮ ಬೇಸಿಗೆ ಒಣಬೇಸಿಗೆಯಾದ್ದರಿಂದ ಮಡಕೆಯ ಉಪಾಯ ಇಲ್ಲಿ ಚೆನ್ನಾಗಿ ಫಲಿಸುತ್ತದೆ. ಗಾಜಿನ ಮುಚ್ಚಳ ತೆಗೆದು ಸೊಳ್ಳೆಪರದೆಯ ಬಲೆ ಕಟ್ಟಿ (ಇಲ್ಲದಿದ್ದರೆ ಮೀನು ಹಾರಿ ನೆಲಕ್ಕೆ ಬೀಳುತ್ತದೆ), ಸಣ್ಣ ಟೇಬಲ್ ಫ್ಯಾನಿನ ಗಾಳಿ ನೀರಿನ ಮೇಲ್ಮೈಗೆ ಓರೆಯಾಗಿ ಬೀಸುವಂತಿಡಿ. ನೀರು ಆವಿಯಾಗುತ್ತ 2ರಿಂದ 4 ಡಿಗ್ರಿ ಇಳಿಯುತ್ತದೆ. ದಿನಕ್ಕೆ ಒಂದೆರಡು ಲೀಟರ್ ಆವಿಯಾಗಬಹುದು. ಅಷ್ಟನ್ನು ಆರ್.ಓ. ನೀರಿನಿಂದ ತುಂಬಿ, ಏಕೆಂದರೆ ಖನಿಜ ಹಿಂದೆಯೇ ಉಳಿದಿರುತ್ತದೆ. ತೊಟ್ಟಿಯ ದೀಪವನ್ನು ಮಧ್ಯಾಹ್ನ ಆರಿಸಿ, ಸಂಜೆ ಹಚ್ಚಿ. ಆಹಾರ ಅರ್ಧ ಮಾಡಿ, ಬೆಳಗ್ಗೆಯೇ ಹಾಕಿ. ಇಷ್ಟಾದರೂ ಇಳಿಯದಿದ್ದರೆ ಅರ್ಧ ಲೀಟರ್ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಮುಚ್ಚಳ ಬಿಗಿದು ತೇಲಿಬಿಡಿ. ಅಂಥ ಒಂದು ಬಾಟಲಿ 45 ಲೀಟರ್ ನೀರನ್ನು ಹೆಚ್ಚೆಂದರೆ 1 ಡಿಗ್ರಿಗಿಂತ ತುಸು ಹೆಚ್ಚು ಇಳಿಸಬಲ್ಲದು. ಒಂದು ಕರಗಿದ ಮೇಲೆ ಇನ್ನೊಂದು. ಸರಕ್ಕನೆ ಐದಾರು ಡಿಗ್ರಿ ಇಳಿಸಿದರೆ ಬಿಸಿಲಿಗಿಂತ ಅದೇ ಕೇಡು.

ಕರೆಂಟಿನ ವಿಷಯಕ್ಕೆ ಬಂದರೆ, ಏರ್ ಪಂಪ್ ತಿನ್ನುವುದು 3–5 ವಾಟ್ ಅಷ್ಟೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಆ ಪ್ಲಗ್ಗಿಗೆ ಹಾಕಿಸಿ. ಇಲ್ಲದಿದ್ದರೆ ಯು.ಎಸ್.ಬಿ. ಏರ್ ಪಂಪ್ ಸಿಗುತ್ತದೆ. 1 ವಾಟಿನದಾದರೆ 10,000 ಎಂ.ಎ.ಎಚ್. ಪವರ್ ಬ್ಯಾಂಕಿನಲ್ಲಿ ಒಂದು ದಿನ ಓಡುತ್ತದೆ. ಕೆಲವು ಪವರ್ ಬ್ಯಾಂಕುಗಳು ಇಷ್ಟು ಕಡಿಮೆ ವಿದ್ಯುತ್ ಎಳೆದರೆ ತಾವಾಗಿ ಆರಿಹೋಗುತ್ತವೆ, ಮೊದಲೇ ಒಂದು ಗಂಟೆ ಓಡಿಸಿ ನೋಡಿ. ಏನೂ ಇಲ್ಲದಾಗ ಚೊಂಬಿನಲ್ಲಿ ನೀರೆತ್ತಿ ಒಂದಡಿ ಮೇಲಿನಿಂದ ಸುರಿಯುತ್ತಿರಿ, ಅರ್ಧ ಗಂಟೆಗೊಮ್ಮೆ ಐದು ನಿಮಿಷ.

ಪಂಪನ್ನು ತೊಟ್ಟಿಯ ನೀರಿನ ಮಟ್ಟಕ್ಕಿಂತ ಕೆಳಗೆ ಇಟ್ಟಿದ್ದರೆ ಕರೆಂಟು ಹೋದಾಗ ನೀರು ಟ್ಯೂಬಿನಲ್ಲಿ ಹಿಂದಕ್ಕೆ ಹರಿದು ಪಂಪಿಗೆ, ಅಲ್ಲಿಂದ ಪ್ಲಗ್ ಬೋರ್ಡಿಗೆ ಇಳಿಯಬಹುದು. ಪಂಪನ್ನು ಮೇಲಿಡಿ, ಅಥವಾ ಟ್ಯೂಬಿಗೆ ನಾನ್-ರಿಟರ್ನ್ ವಾಲ್ವ್ ಹಾಕಿ. ಇಪ್ಪತ್ತು ಮೂವತ್ತು ರೂಪಾಯಿಯ ಬಿಡಿಭಾಗ, ಎಷ್ಟೋ ಮನೆಗಳಲ್ಲಿ ಇರುವುದಿಲ್ಲ.

ಪ್ರಶ್ನೆ: ನಾನು ಎಂಟನೇ ತರಗತಿ. ನನ್ನ ಫೈಟರ್ ಮೀನು ಗಾಜಿನ ಬೌಲಿನಲ್ಲಿದೆ. ದಿನಕ್ಕೆ ಮೂರು ಸಲ ಹತ್ತು ಹತ್ತು ಕಾಳು ಹಾಕುತ್ತೇನೆ. ಹೊಟ್ಟೆ ಉಬ್ಬಿ ಓರೆಯಾಗಿ ತೇಲುತ್ತಿದೆ. ಚಳಿಗಾಲದಲ್ಲಿ ತಳದಲ್ಲೇ ಮಲಗಿರುತ್ತಿತ್ತು.
— ಹೊಳಲ್ಕೆರೆ

ಉತ್ತರ: ಅದರ ಹೊಟ್ಟೆ ಅದರ ಕಣ್ಣಿನಷ್ಟೇ ದೊಡ್ಡದು ಅಂದುಕೋ ಪುಟ್ಟಾ. ದಿನಕ್ಕೆ ಮೂವತ್ತು ಕಾಳು ಎಂದರೆ ಊಟವಲ್ಲ, ಜಾತ್ರೆ. ಮೂರು ದಿನ ಏನೂ ಹಾಕಬೇಡ, ನೋಡಿ ಅಯ್ಯೋ ಅನ್ನಿಸಿದರೂ ಹಾಕಬೇಡ. ನೀರಿನ ಮಟ್ಟವನ್ನು ಅರ್ಧಕ್ಕಿಳಿಸು, ಮೇಲೆ ಬಂದು ಗಾಳಿ ನುಂಗಲು ಅದಕ್ಕೆ ಸುಲಭವಾಗುತ್ತದೆ. ಸರಿಹೋದ ಮೇಲೆ ಬೆಳಗ್ಗೆ ಮೂರು, ಸಂಜೆ ಮೂರು ಕಾಳು, ವಾರಕ್ಕೊಂದು ದಿನ ಉಪವಾಸ. ಬಟಾಣಿ ತಿನ್ನಿಸು ಎಂದು ಯಾರಾದರೂ ಹೇಳಿದರೆ ಅದು ಗೋಲ್ಡ್‌ಫಿಶ್‌ಗೆ ಸರಿ, ಇದು ಹುಳ ತಿನ್ನುವ ಮೀನು. ಮೈಮೇಲಿನ ಹುರುಪೆಗಳು ಸೀತಾಫಲದ ಸಿಪ್ಪೆಯಂತೆ ಎದ್ದು ನಿಂತಿದ್ದರೆ ಮಾತ್ರ ಅದು ಬೇರೆ ರೋಗ, ಉಳಿಯುವುದು ಕಷ್ಟ.

ದೊಡ್ಡವರಿಗೆ ಈ ಸಾಲುಗಳನ್ನು ತೋರಿಸು: ಫೈಟರ್ ಗಾಳಿ ನುಂಗಿ ಉಸಿರಾಡುತ್ತದೆ, ಆದ್ದರಿಂದ ಬೌಲಿನಲ್ಲಿ ಬೇಗ ಸಾಯುವುದಿಲ್ಲ. ಹಾಗಂತ ಚೆನ್ನಾಗಿದೆ ಎಂದಲ್ಲ. ಅದಕ್ಕೆ 15ರಿಂದ 20 ಲೀಟರ್ ನೀರು, ಮೆಲ್ಲಗೆ ಗುಳ್ಳೆ ಬಿಡುವ ಸ್ಪಂಜ್ ಫಿಲ್ಟರ್, 25ರಿಂದ 28 ಡಿಗ್ರಿ ಬಿಸುಪು, ಮೇಲೊಂದು ಮುಚ್ಚಳ ಬೇಕು. ಡಿಸೆಂಬರ್ ರಾತ್ರಿಗಳಲ್ಲಿ ಬೌಲಿನ ನೀರು 20ಕ್ಕಿಂತ ಕೆಳಗಿಳಿದಾಗ ಅದು ಮಲಗುವುದು ಸೋಮಾರಿತನದಿಂದಲ್ಲ. 20 ಲೀಟರಿಗೆ 25 ವಾಟಿನ ಹೀಟರ್ ಸಾಕು. ನೀರು ಬದಲಿಸುವ ಮುನ್ನ ಹೀಟರಿನ ಪ್ಲಗ್ ತೆಗೆದು 15 ನಿಮಿಷ ಕಾಯಬೇಕು, ಇಲ್ಲದಿದ್ದರೆ ಗಾಜು ಸೀಳುತ್ತದೆ. ಆ ಕೆಲಸವನ್ನು ದೊಡ್ಡವರೇ ಮಾಡಲಿ.

ಪ್ರಶ್ನೆ: ಗೋಲ್ಡ್‌ಫಿಶ್, ಗಪ್ಪಿ, ಒಂದು ಸಕ್ಕರ್ ಮೀನು ಎರಡಡಿ ತೊಟ್ಟಿಯಲ್ಲಿ ಒಟ್ಟಿಗೆ ಇಡಬಹುದೇ?
— ಹಿರಿಯೂರು

ಉತ್ತರ: ಬೇಡ. ಗೋಲ್ಡ್‌ಫಿಶ್ ತಂಪು ನೀರಿನದು, ಅಂಗೈಗಿಂತ ದೊಡ್ಡದಾಗುತ್ತದೆ, ಬಾಯಿಗೆ ಹಿಡಿಸಿದ ಗಪ್ಪಿಯನ್ನು ನುಂಗುತ್ತದೆ. ಎರಡು ಇಂಚಿನ ಸಕ್ಕರ್ ಒಂದಡಿ ದಾಟಿ ಬೆಳೆಯುತ್ತದೆ. ಅದು ಪಾಚಿ ತಿಂದು ತೊಟ್ಟಿ ಚೊಕ್ಕ ಮಾಡುತ್ತದೆ ಎಂಬುದು ಅರ್ಧ ಸತ್ಯ, ತಿಂದದ್ದಕ್ಕಿಂತ ಹೆಚ್ಚು ಹೊಲಸು ಬಿಡುತ್ತದೆ. ಪಾಚಿಗೆ ಮದ್ದು ದೀಪವನ್ನು ದಿನಕ್ಕೆ 6–7 ಗಂಟೆಗೆ ಇಳಿಸುವುದು, ತೊಟ್ಟಿಯನ್ನು ಕಿಟಕಿಯ ಬಿಸಿಲಿನಿಂದ ಸರಿಸುವುದು.

ಪ್ರಶ್ನೆ: ರಾತ್ರಿ ಎಲ್ಲವೂ ಚೆನ್ನಾಗಿತ್ತು, ಬೆಳಗ್ಗೆ ಎಲ್ಲ ಮೀನೂ ಸತ್ತು ತೇಲುತ್ತಿದ್ದವು. ಹಿಂದಿನ ಸಂಜೆ ಜಿರಲೆಗೆ ಸ್ಪ್ರೇ ಹೊಡೆದದ್ದು ಬಿಟ್ಟರೆ ಬೇರೇನೂ ಮಾಡಿಲ್ಲ.
— ಚಳ್ಳಕೆರೆ

ಉತ್ತರ: ಅದೇ ಕಾರಣ. ಜಿರಲೆ, ಸೊಳ್ಳೆ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ಜಾತಿಯ ವಿಷ ಮನುಷ್ಯರಿಗೆ ಅಷ್ಟಾಗಿ ತಟ್ಟದಿದ್ದರೂ ಮೀನಿಗೆ ಅತ್ಯಂತ ಮಾರಕ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತುಂಬುತ್ತದೆಯಲ್ಲ, ಸ್ಪ್ರೇಯೂ ಅದರ ಜೊತೆಗೇ ಹೋಯಿತು. ಸ್ಪ್ರೇ ಹೊಡೆಯಲೇಬೇಕಾದರೆ ಪಂಪ್ ಆರಿಸಿ, ತೊಟ್ಟಿಯನ್ನು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಒದ್ದೆ ಬಟ್ಟೆಯಿಂದ ಮುಚ್ಚಿ. ಕಿಟಕಿ ತೆರೆದು ಗಾಳಿಯಾಡಿದ ಮೇಲೆ ತೆಗೆಯಿರಿ. ಗೋಡೆಗೆ ಬಣ್ಣ ಹೊಡೆಸುವ ದಿನಗಳಲ್ಲಿ ಪಂಪನ್ನು ಉದ್ದ ಟ್ಯೂಬಿನಿಂದ ಬೇರೆ ಕೋಣೆಗೆ ಸಾಗಿಸಿ. ಪ್ಲಗ್ಗಿಗೆ ಹಾಕುವ ಸೊಳ್ಳೆ ದ್ರವವೂ ಇದೇ ಜಾತಿಯ ವಿಷ, ತೊಟ್ಟಿ ಇರುವ ಕೋಣೆಯಲ್ಲಿ ಅದು ಬೇಡ. ಈಗಿನ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ, ಸ್ಪಂಜ್ ಎಸೆದು, ಜಲ್ಲಿ, ಗಾಜನ್ನು ಹಲವು ಸಲ ತೊಳೆದು, ಹೊಸ ಇದ್ದಿಲು ಹಾಕಿ ವಾರ ಓಡಿಸಿ. ಪೂರ್ತಿ ತೊಳೆಯಿರಿ ಎಂದು ನಾವು ಹೇಳುವ ಸಂದರ್ಭ ಇದೊಂದೇ.

ಪ್ರಶ್ನೆ: ಗಪ್ಪಿಯ ಬಾಲ ಹರಿದು ಅಂಚು ಬೆಳ್ಳಗಾಗಿದೆ. ಮೆಡಿಕಲ್ ಸ್ಟೋರಿನ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಒಡೆದು ಹಾಕಿದೆ, ನೀರು ಹಳದಿಯಾಯಿತೇ ಹೊರತು ಗುಣವಾಗಲಿಲ್ಲ.
— ಹೊಸದುರ್ಗ

ಉತ್ತರ: ಆಗುವುದೂ ಇಲ್ಲ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಆ ಔಷಧಿಯನ್ನು ಕಟ್ಟಿಹಾಕುತ್ತವೆ, ಮೀನಿನ ಮೈಗೆ ಅದು ಸೇರುವುದೇ ಇಲ್ಲ. ಹಾಲಿನ ಜೊತೆ ಈ ಮಾತ್ರೆ ನುಂಗಬೇಡಿ ಎಂದು ವೈದ್ಯರು ಹೇಳುವುದೂ ಇದೇ ಕಾರಣಕ್ಕೆ. ಬಾಲ ಕೊಳೆಯುವುದು ಬಹುತೇಕ ಹೊಲಸು ನೀರಿನಿಂದ, ಇಲ್ಲವೇ ಜೊತೆಗಿರುವ ಮೀನು ಕಚ್ಚುವುದರಿಂದ. ಮೂರು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಲೀಟರಿಗೆ 1 ಗ್ರಾಂ ಉಪ್ಪು ಇಡಿ. ಎರಡು ವಾರದಲ್ಲಿ ಅಂಚಿನಲ್ಲಿ ಪಾರದರ್ಶಕವಾದ ಹೊಸ ಬಾಲ ಮೂಡಿದರೆ ಗೆದ್ದಂತೆ. ಟೈಗರ್ ಬಾರ್ಬ್ ಜೊತೆಗಿದ್ದರೆ ಮೊದಲು ಅದನ್ನು ಬೇರೆ ಮಾಡಿ.

ಪ್ರಶ್ನೆ: ನಾಲ್ಕು ಗಪ್ಪಿ ಈಗ ಎಂಬತ್ತಾಗಿವೆ. ಸೂಳೆಕೆರೆಗೆ ಬಿಟ್ಟುಬಿಡಬಹುದೇ? ಸೊಳ್ಳೆಯಾದರೂ ಕಡಿಮೆಯಾದೀತು.
— ಚನ್ನಗಿರಿ

ಉತ್ತರ: ಬಿಡಬೇಡಿ. ಸೊಳ್ಳೆ ಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ಗಪ್ಪಿ, ಗಂಬೂಸಿಯಾ ಬಿಡುವುದುಂಟು, ಯಾವ ನೀರಿಗೆ ಬಿಡಬೇಕೆಂಬುದನ್ನು ಅವರೇ ತೀರ್ಮಾನಿಸಲಿ. ನಮ್ಮ ತೊಟ್ಟಿಯ ಮೀನು ಕೆರೆಗೆ ಹೋದರೆ ತೊಟ್ಟಿಯ ರೋಗವೂ ಹೋಗುತ್ತದೆ, ಕೆರೆಯ ಸಣ್ಣ ಮೀನುಗಳ ಮರಿ-ಮೊಟ್ಟೆಗೂ ಕುತ್ತು. ಬೆಳೆದ ಸಕ್ಕರ್ ಮೀನನ್ನು ಕೆರೆಗೆ ಬಿಡುವುದು ಇನ್ನೂ ಕೆಟ್ಟದ್ದು. ಅದು ದಂಡೆಯಲ್ಲಿ ಬಿಲ ತೋಡಿ ಸಂಸಾರ ಹೂಡುತ್ತದೆ, ಮೀನುಗಾರರ ಬಲೆ ಹರಿಯುತ್ತದೆ.

ಗಂಡು-ಹೆಣ್ಣು ಬೇರೆ ಮಾಡಿ. ಒಂದು ತಿಂಗಳು ದಾಟುವ ಹೊತ್ತಿಗೆ ಗಂಡಿನ ಕೆಳಗಿನ ಈಜುರೆಕ್ಕೆ ಬೀಸಣಿಗೆಯಂತಿರದೆ ಕಡ್ಡಿಯಂತಾಗುತ್ತದೆ, ಅದೇ ಗುರುತು. ಬೇರೆ ಮಾಡಿದ ಮೇಲೂ ಹೆಣ್ಣುಗಳು ಕೆಲವು ತಿಂಗಳು ಮರಿ ಹಾಕುತ್ತಲೇ ಇರುತ್ತವೆ, ಗಾಬರಿ ಬೇಡ, ಒಂದೇ ಸಲದ ಕೂಡುವಿಕೆಯ ಬೀಜವನ್ನು ಅವು ಮೈಯೊಳಗೆ ಕಾಪಿಟ್ಟುಕೊಂಡಿರುತ್ತವೆ. ಹಿತ್ತಲಿನ ಸಿಮೆಂಟ್ ತೊಟ್ಟಿ, ತಾವರೆ ಕುಂಡ ಇದ್ದರೆ ಹತ್ತಿಪ್ಪತ್ತನ್ನು ಅಲ್ಲಿ ಬಿಡಿ, ನಿಮ್ಮ ಅಂಗಳದ ಸೊಳ್ಳೆಗೆ ಅಷ್ಟು ಸಾಕು. ಉಳಿದದ್ದನ್ನು ಅಂಗಡಿಗೋ ನೆಂಟರಿಗೋ ಕೊಡುವಾಗ ಹಿಂದಿನ ದಿನ ಆಹಾರ ನಿಲ್ಲಿಸಿ. ಚೀಲದಲ್ಲಿ ಮೂರರಲ್ಲಿ ಒಂದು ಪಾಲು ನೀರು, ಎರಡು ಪಾಲು ಗಾಳಿ, ಲೀಟರಿಗೆ ಹತ್ತಕ್ಕಿಂತ ಹೆಚ್ಚು ಮೀನು ಬೇಡ. ಬಿಸಿಲಿನ ದಿನವಾದರೆ ಚೀಲವನ್ನು ಥರ್ಮಾಕೋಲ್ ಡಬ್ಬಿಯಲ್ಲಿಟ್ಟು ಒಯ್ಯಿರಿ.